ಇಬ್ಬರ ಹಸಿರು ಫ್ರಾಕು

ಸೋಮವಾರ
ಅಂಗಡಿ ಬಾಗಿಲು ತೆಗೆಯುವ ಮುಂಚೆ

ನನ್ನ ಏಣಿಗೆ,

ಈ ಮೋಟುವಿನಿಂದ ಮೊದಲು ಬೈಗುಳ, ಪ್ರೀತಿ ಆಮೇಲೆ. ನಿನ್ನ ಕಾಗದ ಓದಿದೆ. ಗುರುವಾರ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಗಡಿಯಾರ ರಿಪೇರಿಯವರನ್ನು ಮದುವೆಯಾಗಲೋ, ಮನೆಯಲ್ಲೇ ಕೂತು ಬಟಾಣಿ ಸುಲಿಯಲೋ ಅಂತ ಕೇಳಿದ್ದೀಯ. ಅರವತ್ತರ ಹತ್ತಿರ ಬಂದ ತಾಯಿ ಮದುವೆಯಾದರೆ ತನ್ನ ಆಫೀಸಿನವರು ನಗುತ್ತಾರೆ ಅಂದನಂತೆ ನಿನ್ನ ಮಗ. ನಗಲಿ ಬಿಡೇ. ಆ ಆಫೀಸಿನವರ ಮುಖಗಳನ್ನು ನಾನೂ ನೋಡಿದ್ದೇನೆ, ನಕ್ಕು ಬಹಳ ಕಾಲವಾದಂತಿದೆ. ನಿನಗೇ ಪುಣ್ಯ ಬರುತ್ತೆ. ಮೈ ಉರಿದದ್ದು ಅದಕ್ಕಲ್ಲ. ಹೋಗುವುದಾದರೂ ಬೂದು ಬಟ್ಟೆ ಹಾಕಿಕೊಂಡು ಯಾರ ಕಣ್ಣಿಗೂ ಬೀಳದ ಹಾಗೆ ಹಿಂದಿನ ಬಾಗಿಲಿಂದ ಹೋಗ್ತೀನಿ ಅಂತ ಬರೆದಿದ್ದೀಯಲ್ಲ, ಅದಕ್ಕೆ. ನಿನ್ನಷ್ಟು ಎತ್ತರದ ಹೆಂಗಸು ಕಣ್ಣಿಗೆ ಬೀಳದೆ ಹೋಗುವುದು ಹೇಗೆ ಅಂತ ನನಗೂ ಸ್ವಲ್ಪ ಕಲಿಸು.

ಅದಕ್ಕೇ ಈ ಡಬ್ಬಿ. ಬಿಚ್ಚು. ನಮ್ಮ ಹಸಿರು ಫ್ರಾಕು.

ಅಂಗಿ ಕಾರ್ಖಾನೆಯಲ್ಲಿ ಇಬ್ಬರೂ ಗುಂಡಿ ಹಚ್ಚುತ್ತಿದ್ದ ಕಾಲ. ಹಳೇ ಬಟ್ಟೆ ರಾಶಿ ಹಾಕಿ ಮಾರುವವಳ ಮುಂದೆ ನೀನೊಂದು ತೋಳು ಎಳೆದೆ, ನಾನೊಂದು ತೋಳು ಎಳೆದೆ. ಹರಿದರೆ ಇಬ್ಬರೂ ತಗೋಬೇಕು ಅಂದಳು. ಹರಿಯಲಿಲ್ಲ, ಆದರೂ ಇಬ್ಬರೂ ತಗೊಂಡೆವು. ವಯಸ್ಸಿನಲ್ಲಿ ಆಗಲೇ ಅದು ನಮಗಿಂತ ದೊಡ್ಡದು. ನಮ್ಮ ಅಮ್ಮಂದಿರು ಹುಡುಗಿಯರಾಗಿದ್ದ ಕಾಲದ ಹೊಲಿಗೆ. ಮುಂದೆ ದೊಡ್ಡ ಬಿಳಿ ಗುಂಡಿಗಳು, ಮೊಣಕೈವರೆಗೆ ಮುಳುಗುವ ಜೇಬು, ಒಂದು ಸುತ್ತು ತಿರುಗಿದರೆ ಛತ್ರಿಯ ಹಾಗೆ ಅರಳುವ ಘೇರು. ಈಗ ಅಷ್ಟು ಘೇರು ಯಾರು ಇಡ್ತಾರೆ? ನಾನಂತೂ ಇಡಲ್ಲ. ಅಷ್ಟು ಬಟ್ಟೆಯಲ್ಲಿ ಎರಡು ಫ್ರಾಕು ಎತ್ತುತ್ತೇನೆ. ಆದರೆ ಹೊಲಿದ ಪುಣ್ಯಾತ್ಮರಿಗೆ ಕೈಯೆತ್ತಿ ಮುಗಿಯುತ್ತೇನೆ.

ನಿನ್ನ ಸರದಿಗೆ ಅಂಚು ಬಿಚ್ಚುವುದು, ನನ್ನ ಸರದಿಗೆ ಗೇಣುದ್ದ ಮಡಚಿ ಹೊಲಿಯುವುದು. ಇದೇ ನಮ್ಮ ಕರಾರು.

ಬಾಡಿಗೆ ತಡವಾಯಿತು ಅಂತ ಮನೆಯೊಡತಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳಲ್ಲ, ನೀನು ಇದನ್ನೇ ತೊಟ್ಟು ಮಹಡಿ ಕಿಟಕಿಯಿಂದ ಪೈಪು ಹಿಡಿದು ಜಾರಿದೆ. ಗಾಳಿಗೆ ಘೇರು ಉಬ್ಬಿ ಅವಳ ಮುಂದೆಯೇ ಇಳಿದೆ. ಅವಳು ಕಿಟಾರನೆ ಕಿರುಚಿದರೆ, ಹೆದರಬೇಡಿ ಅಕ್ಕಾ, ನಿಮ್ಮನ್ನೇ ನೋಡೋಕೆ ಬರ್ತಿದ್ದೆ, ಮೆಟ್ಟಿಲಿಂದ ಬಂದರೆ ಸುತ್ತಾಗುತ್ತೆ ಅಂದವಳು ನೀನು! ಬಾಡಿಗೆ ಕೇಳುವುದನ್ನೇ ಮರೆತು ನೀರು ಕೊಟ್ಟಳು.

ಇನ್ನು ಆ ಸ್ಟೇಪ್ಲರ್ ಕಥೆ. ನನ್ನ ಹೊಲಿಗೆ ಅಂಗಡಿಗೆ ಜಾಗ ಕೇಳಲು ಕಟ್ಟಡದ ಯಜಮಾನರ ಹತ್ತಿರ ಹೋಗಬೇಕಿತ್ತು. ಫ್ರಾಕು ನಿನ್ನ ಅಳತೆಯಲ್ಲಿತ್ತು, ಹೊಲಿಯಲು ಹೊತ್ತಿರಲಿಲ್ಲ. ನೀನು ಅವರ ಮೆಟ್ಟಿಲ ಮೇಲೇ ನನ್ನ ಸುತ್ತ ಮಂಡಿಯೂರಿ, ಅಂಚು ಮಡಚಿ ಸ್ಟೇಪ್ಲರ್ ಪಿನ್ನು ಹೊಡೆದೆ. ನಾನು ಒಳಗೆ ಗಂಭೀರವಾಗಿ ಚೌಕಾಸಿ ಮಾಡುತ್ತಿದ್ದರೆ ಪಿನ್ನುಗಳು ಟಪ್ ಟಪ್ ಅಂತ ಉದುರಿ, ಎಡಗಡೆ ಅಂಚು ಪಾದಕ್ಕೆ ಬಿತ್ತು, ಬಲಗಡೆ ಮೊಣಕಾಲಲ್ಲೇ ನಿಂತಿತು. ಯಜಮಾನರು ಕಣ್ಣು ಕಣ್ಣು ಬಿಟ್ಟರು. ನೀನು ಮಾತ್ರ ಕಣ್ಣು ಮಿಟುಕಿಸದೆ, ಇದೇ ಈಗಿನ ಫ್ಯಾಷನ್ನು ಸಾರ್, ಇವಳೇ ಹೊಲಿಯೋದು ಅಂದುಬಿಟ್ಟೆ. ಒಳಗಿನಿಂದ ಅವರ ಹೆಂಡತಿ ಬಂದು, ನನಗೂ ಅಂಥದ್ದೇ ಒಂದು ಬೇಕು ಅಂದರು. ಜಾಗವೂ ಸಿಕ್ಕಿತು, ಮೊದಲನೇ ಆರ್ಡರೂ ಸಿಕ್ಕಿತು. ಜನ ನನ್ನನ್ನು ಸ್ವಂತ ಕಾಲ ಮೇಲೆ ನಿಂತವಳು ಅಂತಾರೆ. ನಿಂತದ್ದು ಸರಿ, ಆದರೆ ಅವತ್ತು ಆ ಕಾಲು ಗಡಗಡ ನಡುಗಿದ್ದು ನಿನಗೊಬ್ಬಳಿಗೆ ಗೊತ್ತು. ಹತ್ತಿದ ಏಣಿಯನ್ನು ಒದೆಯುವವಳಲ್ಲ ನಾನು.

ಗಡಿಯಾರದವರ ವಿಷಯ ಕೇಳಿದ್ದೀಯ. ನಾನು ಸರಕು ನೋಡದೆ ಮಾತಾಡುವವಳಲ್ಲ. ಹೋದ ತಿಂಗಳು ಬೇಕೆಂದೇ ಗೋಡೆ ಗಡಿಯಾರಕ್ಕೆ ಬ್ಯಾಟರಿ ತಿರುಗಿಸಿ ಹಾಕಿ, ಕೆಟ್ಟುಹೋಗಿದೆ ಅಂತ ಕೊಟ್ಟು ಬಂದೆ. ಬಾಯಿಗೆ ಬಂದ ಬೆಲೆ ಹೇಳಬಹುದಿತ್ತು. ಅವರು ಬ್ಯಾಟರಿ ಸರಿ ಮಾಡಿ, ಏನೂ ಕೆಟ್ಟಿಲ್ಲ ತಾಯೀ, ಸ್ವಲ್ಪ ತಿರುವುಮುರುವಾಗಿತ್ತು ಅಷ್ಟೇ ಅಂತ ನಗುತ್ತಾ ವಾಪಸು ಕೊಟ್ಟರು. ಇಂಥವರನ್ನು ಹಿಂದಿನ ಬಾಗಿಲಿಂದ ಮದುವೆಯಾಗ್ತಾರೇನೇ?

ಹಳೇ ಫ್ಯಾಷನ್ನು ಅಂತ ಮೂಗು ಮುರಿಯಬೇಡ. ಹೋದ ವರ್ಷ ಅಂಗಡಿಯ ವಾರ್ಷಿಕೋತ್ಸವಕ್ಕೆ ನಾನು ತೊಟ್ಟಾಗಲೂ ಬಂದವರೆಲ್ಲ ಎಲ್ಲಿ ಸಿಕ್ಕಿತು ಅಂತ ಕೇಳಿದವರೇ. ಈಗ ಸರದಿ ನಿನ್ನದು. ಪಕ್ಕದ ಹೊಲಿಗೆ ಮಾತ್ರ ಸ್ವಲ್ಪ ಸಡಿಲಿಸಿದ್ದೇನೆ, ನೀನು ಕಳಿಸಿದ ಫೋಟೋ ಸುಳ್ಳು ಹೇಳಲ್ಲ. ಗುರುವಾರ ಮುಂಬಾಗಿಲ ಮೆಟ್ಟಿಲ ಮೇಲೆ ನಿಂತಿರುತ್ತೇನೆ, ಸಾಕ್ಷಿ ಸಹಿ ನನ್ನದು. ಒಳಗೆ ಹೋಗುವ ಮುಂಚೆ ಒಂದೇ ಒಂದು ಸುತ್ತು ತಿರುಗಿ ತೋರಿಸಬೇಕು. ಮಗನನ್ನೂ ಕರೆದುಕೊಂಡು ಬಾ. ಅವನ ತಾಯಿ ಎಂಥವಳು ಅಂತ ಅವನೂ ಒಂದು ಸಲ ನೋಡಲಿ.

ಎಂದೆಂದೂ ನಿನ್ನ ಭುಜದ ಕೆಳಗೇ ಇರುವ,
ಮೋಟು

ತಾ.ಕ.: ಅಂಚು ಬಿಚ್ಚಲು ಕತ್ತರಿ ಹುಡುಕಬೇಡ. ನಿನ್ನವರು ತೀರಿಕೊಂಡ ವರ್ಷ, ಇನ್ನು ನನಗ್ಯಾಕೆ ಇದು ಅಂತ ನನ್ನ ಕೈಗಿಟ್ಟು ಹೋದೆಯಲ್ಲ, ಅವತ್ತಿನಿಂದ ಅದು ನಿನ್ನ ಅಳತೆಯಲ್ಲೇ ಇದೆ. ವಾರ್ಷಿಕೋತ್ಸವಕ್ಕೆ ತೊಟ್ಟೆ ಅಂತ ಬರೆದದ್ದು ಬರೀ ಓಳು. ಮಡಚಿ ಹೊಲಿಯಲು ಎಷ್ಟೋ ಸಲ ಸೂಜಿ ತಗೊಂಡೆ. ಹೊಲಿದರೆ, ನೀನಿನ್ನು ಇದನ್ನು ವಾಪಸು ಕೇಳುವುದೇ ಇಲ್ಲ ಅಂತ ನಾನೂ ಒಪ್ಪಿದ ಹಾಗಾಗುತ್ತಿತ್ತು.