ಎದಿ ಮ್ಯಾಲಿನ ಹಳದಿ ಪೈಪು

ಬ್ರಾಂಪ್ಟನ್
ಜೂನ್ ೨೧, ೨೦೨೫

ಪ್ರೀತಿಯ ನಿಜಗುಣ ಕಾಕಾಗ,

ಅಲ್ಲ, ನಾ ಹೇಳಾಕ ಹತ್ತಿದ್ದು ಬ್ಯಾರೇನ ಇತ್ತು, ನೀ ನಡುವ "ಬಾಸ್ ಕರಿಯಾಕ ಹತ್ಯಾನ" ಅಂತ ಫೋನ್ ಇಟ್ಟುಬಿಟ್ಟಿ. ಆ ಮಾತು ಪೂರಾ ಮಾಡಾಕ ಈ ಕಾಗದ. ಅದಕ್ಕೂ ಮೊದಲ ಕೇಳತೀನಿ, ಇಲ್ಲಂದ್ರ ಅವ್ವ ಬೈತಾಳ: ನಿನ್ನ ಎಡಗಿವಿ ಹೆಂಗೈತಿ? ಹ್ಯಾಲಿಫ್ಯಾಕ್ಸ್‌ನ್ಯಾಗ ಸಮುದ್ರದ ಗಾಳಿ ಭಾಳ ಅಂತ, ಟೊಪ್ಪಿಗಿ ಹಾಕ್ಕೋತಿ ಇಲ್ಲೋ? ವಸಂತಾ ಚಿಗವ್ವಗ ಅಲ್ಲಿ ಜ್ವಾಳದ ಹಿಟ್ಟು ಸಿಕ್ಕತೇನು? ಇಲ್ಲಿ ಎಲ್ಲಾರೂ ಆರಾಮ. ಅಪ್ಪಗ ಬೋಲ್ಟನ್ ಗೋಡೌನ್‌ನ್ಯಾಗ ಕಡೀಕೂ ಡೇ ಶಿಫ್ಟ್ ಸಿಕ್ಕೈತಿ, ಈಗ ನಮ್ಮ ಜೋಡಿ ಕುಂತು ಉಣತಾನ. ನೀ ಹೋದಮ್ಯಾಲ ನಿನ್ನ ಖುರ್ಚಿ ಮ್ಯಾಲ ಯಾರೂ ಕುಂದರೂದಿಲ್ಲ. ಭಕ್ತಿ ಅಂತ ತಿಳಕೋಬ್ಯಾಡ, ಅದರ ಕಾಲು ಅಲ್ಲಾಡತೈತಿ, ಬ್ಯಾಲೆನ್ಸ್ ನಿನಗೊಬ್ಬಾವಗ ಗೊತ್ತಿತ್ತು.

ಗ್ರೂಪ್‌ನ್ಯಾಗ ಯಾಕ ಬರೀಲಿಲ್ಲ ಅಂತಿ? ನಮ್ಮ ಡೈವಿಂಗ್ ಗ್ರೂಪಿನ ಅಡ್ಮಿನ್ ನೀನ ಅದಿ, ಡಿಲೀಟ್ ಹೊಡದ್ರ ಮುಗೀತು. ಕಾಗದಕ್ಕ ಆ ಬಟನ್ ಇಲ್ಲ. ಕೈಲೆ ಕನ್ನಡ ಬರದು ಯಾವ ಕಾಲ ಆತೋ, ಒತ್ತಕ್ಷರ ತಪ್ಪಿದ್ರ ನಗಬ್ಯಾಡ.

ಕಾಕಾ, ನಾ ನಿನ್ನ ಎಂಥಾ ಫ್ಯಾನ್ ಇದ್ದೆ ನಿನಗ ಗೊತ್ತೈತಿ. "ನೀರಾಗಿನ ಮಂದಿ" ಗ್ರೂಪ್‌ನ್ಯಾಗ ನೀ ಡೈವಿಂಗ್ ಬಗ್ಗೆ ಹಾಕಿದ್ದು ಒಂದೂ ಬಿಟ್ಟಿಲ್ಲ, ಸ್ಕ್ರೀನ್‌ಶಾಟ್ ತಗದು ಫೋಲ್ಡರ್ ಮಾಡಿ ಇಟ್ಟಿದ್ದೆ. ಮಾಸ್ಕಿನ ಪಟ್ಟಿ ಹರೀತೈತಿ, ಇನ್ನೊಂದು ಇಟ್ಕೋರಿ. ಟಾರ್ಚ್ ಆರತೈತಿ, ಇನ್ನೊಂದು ಇಟ್ಕೋರಿ. ಸಾಮಾನು ಯಾವಾಗ ಕೈ ಕೊಡತೈತಿ ಅಂತ ಕೇಳಬ್ಯಾಡ್ರಿ, ಕೊಟ್ಟಾಗ ಏನ್ ಮಾಡ್ತೀರಿ ಅದನ್ನ ಕೇಳ್ರಿ. ಆ ಪಿನ್ ಮಾಡಿದ ಮೆಸೇಜು ಇನ್ನೂ ಹಂಗ ಐತಿ. ಬರ್ಲಿಂಗ್ಟನ್ ಧೀರಜ್ "ಇಷ್ಟೆಲ್ಲಾ ಹೊತ್ಕೊಂಡ್ ಹೋದ್ರೆ ಮುಳುಗೇ ಹೋಗ್ತೀವಿ ಸಾರ್" ಅಂತ ಬರದಾಗ, ನಿನ್ನ ಪರವಾಗಿ ನಾನ ರಿಪ್ಲೈ ಮ್ಯಾಲ ರಿಪ್ಲೈ ಹೊಡದು, ಅಂವ ಗ್ರೂಪ್ ಬಿಟ್ಟು ಹೋಗೂ ಹಂಗ ಮಾಡಿದ್ದೆ.

ಮೊದಲನೇ ಸಲ ನಮ್ಮ ಬೇಸ್‌ಮೆಂಟ್‌ನ್ಯಾಗ ಸಿಲಿಂಡರ್ ನಿಲ್ಲಿಸಿ ಕಲಿಸಿದ್ದಿ, ನೆನಪೈತೇನು? ಒಂದು ಪೈಪು ನಮ್ಮ ಬಾಯಿಗೆ. ಇನ್ನೊಂದು ಹಳದಿದು, ಎದಿ ಮ್ಯಾಲ ಎದ್ದು ಕಾಣೂ ಹಂಗ. "ತಮ್ಮಾ, ಈ ಹಳದಿದು ನಂದಲ್ಲೋ, ನಿಂದು. ನಿನ್ನ ಗಾಳಿ ಕೈ ಕೊಟ್ರ ಇದನ್ನ ಕಸಗೋ. ನಾ ಬರೇ ಹೊತ್ಕೊಂಡು ತಿರಗಾಂವ." ಹಂಗ ಅಂದಿದ್ದಿ. ನನ್ನ ಉಸಿರು ಇನ್ನೊಬ್ರು ಹೊತ್ಕೊಂಡು ತಿರಗತಾರ ಅಂದ್ರ ಏನು ಸಣ್ಣ ಮಾತೇನು?

ಇನ್ನ ಮೇ ಲಾಂಗ್ ವೀಕೆಂಡಿಗೆ ಬರತೀನಿ. ಆ ನೀರು ತುಂಬಿದ ಹಳೇ ಕಲ್ಲಿನ ಕ್ವಾರಿ ದಂಡಿ ಮ್ಯಾಲ ಎಲ್ಲಾರನ್ನ ನಿಲ್ಲಿಸಿ ನೀ ಬ್ಯಾಕಪ್ ಬಗ್ಗೆ ಭಾಷಣ ಮಾಡಿದಿ. ನೀರು ಐಸ್ ಈಗ ಕರಗೈತೇನೋ ಅನ್ನೂ ಹಂಗ ಇತ್ತು. ಆಮ್ಯಾಲ ಜೋಡಿ ಜೋಡಿ ಚೆಕ್. ನನ್ನದೆಲ್ಲಾ ನೀ ಎಳದು, ಒತ್ತಿ ನೋಡಿದಿ. ನಾ ನಿನ್ನ ಹಳದಿದಕ್ಕ ಕೈ ಹಾಕಿದೆ. ಬಾಯಾಗ ಇಟ್ಟು ಒಂದು ಉಸಿರು ಎಳದು ನೋಡಬೇಕಲ್ಲ, ನಿಂದ ರೂಲು. "ಏ, ನನ್ನ ಚೆಕ್ ಮಾಡ್ತಿಯೇನಲೇ? ನಿಮ್ಮಪ್ಪಗ ಈಸಾಕ ಕಲಿಸಿದಾಂವ ನಾ!" ಅಂದಿ. ಎಲ್ಲಾರೂ ನಕ್ಕರು. ನಾನೂ ನಕ್ಕು ಕೈ ಹಿಂದಕ್ಕ ತಗದೆ. ದೊಡ್ಡವರ ಕಾಲು ಮುಟ್ಟಾಕ ಅವ್ವ ಕಲಿಸ್ಯಾಳ, ಅವರನ್ನ ಪರೀಕ್ಷಾ ಮಾಡಾಕ ನಮಗ ಯಾರು ಕಲಿಸ್ಯಾರ ಹೇಳು.

ಕೆಳಗ ಡೈವಿಂಗ್ ಮಂದಿ ನೋಡಲಿ ಅಂತ ಮುಳುಗಿಸಿದ ಆ ಸ್ಕೂಲ್ ಬಸ್ಸಿನ ಹತ್ರ ನನ್ನ ಬಾಯಾಗಿನ ಪೈಪು ಥಂಡಿಗೆ ಹಿಮಾ ಹಿಡದು ಸಿಕ್ಕೊಂಡಬಿಟ್ತು. ಗಾಳಿ ಬುಳುಬುಳು ಅಂತ ಒಂದ ಸವನ ಹೊರಗ ಸುರಿಯಾಕ ಹತ್ತಿತು, ಗೇಜಿನ ಮುಳ್ಳು ಕಣ್ಣ ಮುಂದ ಇಳೀತಿತ್ತು. ಆದ್ರೂ ನಾ ಹೆದರಲಿಲ್ಲ. ನಿನ್ನ ಮೆಸೇಜೆಲ್ಲಾ ಓದಿದಾಂವ ನಾ. ಸನ್ನೆ ಮಾಡಿದೆ, ನೀ ಬಂದಿ, ನಿನ್ನ ಎದಿ ಮ್ಯಾಲಿನ ಹಳದಿದು ತಗದು ಬಾಯಾಗ ಇಟ್ಟು ಎಳದೆ. ಗಾಳಿ ಬರಲಿಲ್ಲ. ತಣ್ಣನ್ನ ನೀರು ಬಂತು.

ನಿನ್ನ ಮಾರಿ ನೋಡಿದೆ. ಮಾಸ್ಕಿನೊಳಗ ಕಣ್ಣಷ್ಟ ಕಾಣತಿದ್ದವು. ಆ ಕಣ್ಣಾಗ ಆಶ್ಚರ್ಯ ಇದ್ದಿಲ್ಲ ಕಾಕಾ. ಅದ ನನಗ ಮರಿಯಾಕ ಆಗವಲ್ದು. ನೀ ತಡಾ ಮಾಡದ ನಿನ್ನ ಬಾಯಾಗಿಂದು ತಗದು ನನ್ನ ಬಾಯಾಗ ಇಟ್ಟಿ. ನಾ ಎರಡು ಉಸಿರು, ನೀ ಎರಡು ಉಸಿರು, ಹಂಗ ಮ್ಯಾಲ ಬಂದ್ವಿ. ಜೀವಾ ಉಳಿಸಿದಿ, ಅದನ್ನ ನಾ ಇಲ್ಲ ಅನ್ನೂದಿಲ್ಲ.

ಆದ್ರ ದಂಡಿಗೆ ಬಂದ ಕೂಡ್ಲೆ ಏನಂದಿ? "ಹುಡುಗ ಗಾಬರಿ ಆದ, ಸರಿ ಕಚ್ಚಲಿಲ್ಲ, ನೀರು ಕುಡದ." ಸಂಜಿಗೆ ಗ್ರೂಪ್‌ನ್ಯಾಗ: "ಇವತ್ತಿನ ಪಾಠ. ಕೈ ಕೊಡೋದು ಸಾಮಾನು ಅಲ್ಲ, ಮನುಷ್ಯಾ." ಅದಕ್ಕ ಥಂಬ್ಸ್‌ಅಪ್ಪಿನ ಸುರಿಮಳಿ. ನಾನೂ ಒಂದು ಒತ್ತಿದೆ. ನನ್ನ ಮ್ಯಾಲ ನನಗ ಡೌಟ್ ಬಂದಿತ್ತು, ನಿನ್ನ ಮ್ಯಾಲ ಬರಲಿಲ್ಲ.

ಡೈವ್ ಮುಗದಮ್ಯಾಲ ನಿನ್ನ ಸಾಮಾನು ಯಾವಾಗೂ ನಾನ ತೊಳಿಯಾಂವ; ಆವತ್ತ ಮಾತ್ರ "ಇವತ್ತ ನಂದು ನಾನ ತೊಳಕೋತೀನಿ ಬಿಡು" ಅಂದಿದ್ದಿ, ಯಾವತ್ತೂ ಅನ್ನದಾಂವ. ಆದ್ರ ಹ್ಯಾಲಿಫ್ಯಾಕ್ಸಿಗೆ ಹೋಗೂ ಪ್ಯಾಕಿಂಗ್ ಗದ್ದಲದಾಗ ನಮ್ಮ ಗ್ಯಾರೇಜ್‌ನ್ಯಾಗ ಇಟ್ಟು ಮರತಿ. ನಾ ಯಾವಾಗಿನಂಗ ಟಬ್ ತುಂಬಿಸಿ ತೊಳಿಯಾಕ ಕುಂತೆ. ಹಳದಿದು ಹಿಡಕೊಂಡು ಪೈಪು ಉಜ್ಜಕೋತ ಹ್ವಾದೆ, ಹ್ವಾದೆ, ನಿನ್ನ ಡೈವಿಂಗ್ ಜಾಕೀಟಿನ ಕಿಸೇದಾಗ ಹೋಗಿ ಅದು ಮುಗದಬಿಟ್ತು. ಯಾತಕ್ಕೂ ಕೂಡಿದ್ದಿಲ್ಲ. ಸಿಲಿಂಡರ್ ಕಡೆ ಅದು ಕೂಡಬೇಕಾದ ತೂತಿಗೆ ಹೊಸಾ ಬಿರಡಿ ಜಡದಿತ್ತು, ಪಳಪಳ ಹೊಳೀತಿತ್ತು.

ಸೋರತಿತ್ತು ಅಂತ ತಗದಿರಬೇಕು. ರಿಪೇರಿಗೆ ಕೊಟ್ರ ಲಾಂಗ್ ವೀಕೆಂಡ್ ತಪ್ಪತಿತ್ತು. ತಿಳೀತೈತಿ ನನಗ. "ತಮ್ಮಾ, ಇವತ್ತ ಹಳದಿದು ಇಲ್ಲೋ" ಅಂತ ಒಂದು ಮಾತು ಅಂದಿದ್ರ ನಾ ದಂಡಿ ಮ್ಯಾಲ ಕುಂತು ಗಿರಮಿಟ್ ತಿಂತಿದ್ದೆ, ಇಲ್ಲಾ ನಂದ ಒಂದು ತಂದಿರತಿದ್ದೆ. ಸಾಮಾನಿನ ಮ್ಯಾಲ ನನಗ ಸಿಟ್ಟಿಲ್ಲ, ಥಂಡ್ಯಾಗ ಅದು ಕೆಡೂದ. ನೀ ನಂದು ಅಂತ ಹೇಳಿದ್ದನ್ನ ತೋರಿಕಿಗೆ ಎದಿ ಮ್ಯಾಲ ಕಟ್ಕೊಂಡು ನನ್ನ ಬಾಜೂಕ ಇಳದಿಯಲ್ಲ, ಅದು ಹೊಟ್ಟ್ಯಾಗ ಕುಂತೈತಿ.

ಈಗ ನಾ ಒಂದು ಸಣ್ಣ ಸಿಲಿಂಡರ್ ಬ್ಯಾರೇನ ತಗೊಂಡೀನಿ, ಅದಕ್ಕ ಅದರದ ಪೈಪು, ಅದರದ ಬಾಯಿ. ನಡದ್ರ ಪಕ್ಕಡಿಗೆ ಬಡೀತೈತಿ, ಬಡೀಲಿ. ಧೀರಜ್‌ಗ ಸಾರಿ ಅಂತ ಮೆಸೇಜ್ ಹಾಕಿದ್ರ "ಪರ್ವಾಗಿಲ್ಲ ಗುರು, ಈಗ ಎಷ್ಟು ಕೇಜಿ ಹೊತ್ಕೊಂಡಿದೀಯಾ?" ಅಂತ ಕಾಡಿಸಿದ.

ಅಪ್ಪಗ, ಅವ್ವಗ ಏನೂ ಹೇಳಿಲ್ಲ. ಅಪ್ಪ ಇನ್ನೂ ಮನಿಗೆ ಬಂದವರಿಗೆಲ್ಲಾ "ನಮ್ಮ ತಮ್ಮ ಹುಡುಗನ್ನ ಉಳಿಸಿದ" ಅಂತ ಹೇಳಕೋತ ಅಡ್ಡಾಡತಾನ. ಚಿಗವ್ವಗ ನನ್ನ ನಮಸ್ಕಾರ ಹೇಳು. ಕಿವಿಗೆ ಬೆಚ್ಚಗ ಕಟ್ಕೋ. ನಿನಗ ಕಾಲು ಮುಗೀತೀನಿ ಅಂತ ಬರಿಯಾಕ ಮಾತ್ರ ಈ ಸಲ ಕೈ ಏಳವಲ್ದು.

ನಿನ್ನ ಅಣ್ಣನ ಮಗ,
ತೇಜಸ್ವಿ

ತಾ.ಕ.: ಗಡಿಬಿಡಿಯಾಗ ಬರಿಯಾಕ ಹತ್ತೀನಿ, ಅಂಚಿ ಡಬ್ಬಿ ಖಾಲಿ ಮಾಡೂ ಹೊತ್ತಾತು. ಜುಲೈದಾಗ ನಮ್ಮ ತಂಗಿ ನೀಲಾ ನಿನ್ನ ಜೋಡಿ ಡೈವ್ ಮಾಡಾಕ ಬರಾಕ ಹತ್ಯಾಳ, ಟಿಕೆಟ್ ಆಗೈತಿ. ಅಕಿನೂ ಈಗ ನನ್ನಂಗ ಫೋಲ್ಡರ್ ಮಾಡ್ಯಾಳ, ನಿನ್ನ ಸ್ಕ್ರೀನ್‌ಶಾಟ್ ಇಡಾಕ. ಅಲ್ಲಿ ಬಾಡಿಗಿಗರ ಒಂದು ಸಣ್ಣ ಸಿಲಿಂಡರ್ ತಗೋ ಅಂದ್ರ "ಕಾಕಾ ಅದಾನಲ್ಲ, ಐ ಡೋಂಟ್ ನೀಡ್ ಇಟ್" ಅಂತಾಳ. ಕ್ವಾರಿ ಕಥಿ ಅಕಿಗೆ ಹೇಳಿಲ್ಲ. ಒಂದ ಮಾತು ಹೇಳೀನಿ: ನೀರಿಗೆ ಇಳಿಯೂಕಿಂತ ಮೊದಲ ಕಾಕಾನ ಹಳದಿದು ಬಾಯಾಗ ಇಟ್ಟು ಒಂದು ಉಸಿರು ಎಳದು ನೋಡು, ಅಂವ ನಕ್ರೂ ಬಿಡಬ್ಯಾಡ. ಅಕಿ ಕೈ ಮುಂದ ಮಾಡತಾಳ. ಸುತ್ತ ನಾಕು ಮಂದಿ ನಿಂತಿರತಾರ. ಆಗ ಅಕಿಗೆ ಏನಂತಿ, ಕಾಕಾ?