ಹಿಲ್ಡಾಳ ಕೋಣೆಯ ಮೇಲ್ಮನವಿ

ಹಿಲ್ಡಾ,

ನಿನಗೆಂದು ಕೆಳಗಡೆ ಕಟ್ಟಿಸಬೇಕೆಂದಿದ್ದ ಮಲಗುವ ಕೋಣೆಗೆ ಕೌನ್ಸಿಲ್‌ನವರು ಒಪ್ಪಿಗೆ ಕೊಡಲಿಲ್ಲವಲ್ಲ, ನಾವು ಹಾಕಿದ ಮೇಲ್ಮನವಿಗೆ ತೀರ್ಪು ಕೊಡುವ ಇನ್‌ಸ್ಪೆಕ್ಟರಮ್ಮ ಇವತ್ತು ಸ್ಥಳ ನೋಡಲು ಬಂದಿದ್ದಳು. ಬೆಳಿಗ್ಗೆಯೇ ಮಗಳು ಜಾನಿಸ್, "ಅಮ್ಮನೇ ಹೋದ್ಮೇಲೆ ಕೋಣೆ ಯಾಕಪ್ಪಾ? ಬಿಟ್ಬಿಡು," ಎಂದಳು. "ನಿನ್ನ ಕೆಲ್ಸ ನೋಡ್ಕೋ," ಎಂದೆ.

ಕೌನ್ಸಿಲ್‌ನವನೂ ಬಂದಿದ್ದ. ಅವನ ಮುಖ ಕಂಡೊಡನೆ ನನಗೆ ರೇಗಿತು. "ಈ ಬೀದೀಲಿ ಎಲ್ರೂ ಕಟ್ಕೊಂಡಿದಾರೆ, ನಮಗೆ ಮಾತ್ರ ಏನ್ರೀ ಅಡ್ಡಿ?" ಎಂದು ಶುರುಮಾಡಿದೆ.

ಇನ್‌ಸ್ಪೆಕ್ಟರಮ್ಮ ಕೈ ಎತ್ತಿದಳು. "ಸ್ಥಳ ನೋಡೋಕೆ ಬಂದಾಗ ನಾನು ವಾದ ಕೇಳೋ ಹಾಗಿಲ್ಲ, ಯಜಮಾನರೇ. ತೋರಿಸೋದಿದ್ರೆ ತೋರಿಸಿ, ಅಷ್ಟೇ."

ಬಾಯಿ ಮುಚ್ಚಿಕೊಂಡೆ. ನೀನು ನಂಬುತ್ತಿರಲಿಲ್ಲ. ಹಿತ್ತಲು ತೋರಿಸಿದೆ, ಬೆಳಕು ತಪ್ಪುತ್ತದೆಂದು ಕೌನ್ಸಿಲ್‌ನವರು ಹೇಳಿದ್ದ ಪಕ್ಕದ ಮನೆಯ ಕಿಟಕಿ ತೋರಿಸಿದೆ. ಆಮೇಲೆ ಒಳಗೆ ಕರೆದು ಮೆಟ್ಟಿಲು ತೋರಿಸಿದೆ. ಅರ್ಧ ಹತ್ತಿ ಉಸಿರು ತಿರುಗಿಸಿಕೊಳ್ಳಲು ನೀನು ಕೂರುತ್ತಿದ್ದ ಕುರ್ಚಿ ಇನ್ನೂ ಅಲ್ಲೇ ಇದೆ. ಅದರತ್ತ ಬೆರಳು ಮಾಡಿದೆ. ಇಬ್ಬರೂ ನೋಡಿದರು.

ಅವರು ಹೋದ ಮೇಲೆ ಜಾನಿಸ್ ಕುರ್ಚಿಗೆ ಕೈ ಹಾಕಿದಳು. "ಇನ್ನು ಇದನ್ನ ತೆಗೀಲಾ?"

"ತೀರ್ಪು ಬರೋವರ್ಗೂ ಮುಟ್ಬೇಡ," ಎಂದೆ.

ತೀರ್ಪಿಗೆ ತಿಂಗಳುಗಟ್ಟಲೆ ಹಿಡಿಯುತ್ತದಂತೆ. ಹಿಡಿಯಲಿ ಬಿಡು.

ಆರ್ಥರ್