ಹತ್ತೂವರೆಯೊಳಗೆ

ನವೆಂಬರ್ 8, ಶುಕ್ರವಾರ. ಹಳೇಬೀಡು, ಸ್ಟಾಫ್ ರೂಮ್

ಫಸ್ಟ್ ಪೀರಿಯಡ್ ಖಾಲಿ. ಬೇಲೂರಿನಿಂದ ಬಸ್ಸಿನಲ್ಲಿ ನಿಂತೇ ಬಂದೆ. ಕಾಲು ನೋವು.

ಇವತ್ತು ಅಚ್ಯುತ ಫ್ಲೈಯಿಂಗ್ ಸ್ಕೂಲಿನಲ್ಲಿ ಮೊದಲ ಸಲ ಒಬ್ಬನೇ ವಿಮಾನ ಹಾರಿಸುತ್ತಾನೆ. ಪಕ್ಕದಲ್ಲಿ ಕಲಿಸುವ ಕಿರಣ್ ಸರ್ ಇರುವುದಿಲ್ಲ. ನನ್ನ ತಮ್ಮ — ಅಪ್ಪನ ಸ್ಕೂಟರನ್ನು ಎರಡು ಸಲ ಚರಂಡಿಗೆ ಇಳಿಸಿದ ಮಹಾನುಭಾವ.

ಅಮ್ಮ ಬೆಳಿಗ್ಗೆ ಮಡಿಯಲ್ಲಿದ್ದಳು. ಮಡಿಯಲ್ಲಿ ಫೋನ್ ಮುಟ್ಟುವುದಿಲ್ಲ. ಅವಳ ಪೋಸ್ಟ್‌ಮ್ಯಾನ್ ನಾನೇ. ಒಳಗಿನಿಂದಲೇ ಕೂಗಿದಳು — “ಆಶ್ರಿತಾ, ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಕೆಳಗಿಳೀಬೇಕು ಅಂತ ಅವನಿಗೆ ಹೇಳೇ.”

ಬಸ್ಸಿನಿಂದ ಫೋನ್ ಮಾಡಿದೆ. ನಕ್ಕ. “ಅಷ್ಟು ಮೇಲಕ್ಕೆಲ್ಲ ರಾಹು ಬರಲ್ಲ ಕಣೇ ಅಕ್ಕ.” ಆಮೇಲೆ ತಾನೇ — “ಸರಿ, ಅಷ್ಟರೊಳಗೆ ಇಳಿದ್ಬಿಡ್ತೀನಿ. ಪ್ರಾಮಿಸ್. ಅಮ್ಮಂಗೆ ಹೇಳು.”

ಸಂಜೆ ಹೋಗಿ ಹೇಳಬೇಕು. ಬೆಲ್ ಆಯಿತು…

ನವೆಂಬರ್ 13

ಅಚ್ಯುತ ಇಲ್ಲ. ಬರೆದು ನೋಡಿದೆ. ಆದರೂ ನಂಬಿಕೆ ಬರುತ್ತಿಲ್ಲ.

ಇಳಿಯುವಾಗ ವಿಮಾನ ಬಿತ್ತಂತೆ. ರನ್‌ವೇ ಎದುರಿನ ಹೊಲದಲ್ಲಿ. ಟಿವಿಯವರು ಹನ್ನೊಂದು ಗಂಟೆ ಸುಮಾರಿಗೆ ಅಂದರು. ಅಮ್ಮ ಅಷ್ಟನ್ನೇ ಹಿಡಿದುಕೊಂಡಿದ್ದಾಳೆ. ಕಣ್ಣೀರು ಹಾಕಿಲ್ಲ. ಬಂದವರಿಗೆಲ್ಲ ಒಂದೇ ಮಾತು — “ಹೇಳಿ ಕಳಿಸಿದ್ದೆ. ಕೇಳಲಿಲ್ಲ. ರಾಹುಕಾಲದಲ್ಲೇ ಇಳಿಯಕ್ಕೆ ಹೋದ.”

ಬೆಣ್ಣೆ ತರುವ ಮಾದಿಹಳ್ಳಿ ರಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಹೆತ್ತೋರ ಮಾತು ಮೀರಿದ್ರೆ ಹಿಂಗೇ ಆಗ್ತೈತೆ ಅಮ್ಮಾವ್ರೇ.”

ಅವನು ಒಪ್ಪಿಕೊಂಡಿದ್ದ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಬಂದರು.

ನವೆಂಬರ್ 21. ಅರಸೀಕೆರೆಯಿಂದ ಬಂದ ಮೇಲೆ

ಕಿರಣ್ ಸರ್ ಅಚ್ಯುತನ ಬ್ಯಾಗ್ ತಂದಿದ್ದರು. ಸ್ಟೇಷನ್ನಿಗೆ ನಾನೇ ಹೋದೆ. ಪ್ರತಿ ಸಲವೂ ಅವನು ಇಳಿಯುತ್ತಿದ್ದ ಪ್ಲಾಟ್‌ಫಾರ್ಮ್. ಬೆಂಚಿನ ಮೇಲೆ ಕೂತೆವು. ತಂದ ಕಾಫಿ ಇಬ್ಬರೂ ಕುಡಿಯಲಿಲ್ಲ.

“ರನ್‌ವೇ ಕಡೆ ತಿರುಗುವಾಗ ಸ್ವಲ್ಪ ಮುಂದೆ ಹೋಗ್ಬಿಟ್ಟ ಮೇಡಂ. ಹಾಗಾದ್ರೆ ಮೇಲೇರಿ ಇನ್ನೊಂದು ಸುತ್ತು ಬರಬೇಕು. ಎಷ್ಟು ಸಲ ಹೇಳ್ಕೊಟ್ಟಿದ್ದೆ. ಅಲ್ಲೇ ಬಿಗಿಯಾಗಿ ತಿರುಗಿಸಿದ, ವಿಮಾನದ ಮೂತಿ ಎತ್ತಿದ. ಸ್ಪೀಡ್ ಇರಲಿಲ್ಲ. ಸ್ಟಾಲ್ ಆಯ್ತು.”

ಅಂಗೈಯನ್ನು ಓರೆ ಮಾಡಿ ತೋರಿಸಿದರು. ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತದಂತೆ. ಎತ್ತರದಲ್ಲಿದ್ದರೆ ಸರಿಮಾಡಿಕೊಳ್ಳಬಹುದು. ಅಷ್ಟು ಕೆಳಗೆ ಸಮಯವೇ ಇರುವುದಿಲ್ಲ.

“ಅದೇನು ಅವಸರ ಇತ್ತೋ. ಇನ್ನೊಂದು ಸುತ್ತಿಗೆ ಹತ್ತು ನಿಮಿಷ ಸಾಕಿತ್ತು.”

“ಆಗ ಗಂಟೆ ಎಷ್ಟು ಸರ್?”

“ಹತ್ತೂ ಇಪ್ಪತ್ತೇಳು. ಬೆಳಿಗ್ಗೆ ಮಂಜಿತ್ತು, ಹಾರಿದ್ದೇ ಲೇಟಾಗಿ.”

ಇನ್ನೊಂದು ಸುತ್ತು ಬಂದಿದ್ದರೆ ಹತ್ತೂವರೆ ದಾಟುತ್ತಿತ್ತು. ಅಮ್ಮನಿಗೆ ಕೊಟ್ಟ ಮಾತು ತಪ್ಪುತ್ತಿತ್ತು. ಅವನು ಬದುಕುತ್ತಿದ್ದ.

ಮನೆಯಲ್ಲಿ ಟೈಮ್ ಮಾತ್ರ ಹೇಳಬೇಡಿ ಸರ್ ಎಂದೆ. ಯಾಕೆಂದು ಕೇಳಲಿಲ್ಲ. ಪುಣ್ಯಾತ್ಮರು.

ನವೆಂಬರ್ 30

ಅಮ್ಮನ ಸಿಟ್ಟು ಇಳಿದಿಲ್ಲ. ಆ ಸಿಟ್ಟಿನಲ್ಲೇ ಏಳುತ್ತಾಳೆ, ಸ್ನಾನ ಮಾಡುತ್ತಾಳೆ, ಎರಡು ತುತ್ತು ತಿನ್ನುತ್ತಾಳೆ. ನಿಜ ಗೊತ್ತಾದರೆ ಅದೂ ಇರುವುದಿಲ್ಲ. ಹಾಗಂತ ಅವಳು ಅವನನ್ನು ಬೈಯುವುದನ್ನು ಕೇಳಿಸಿಕೊಂಡು ಎಷ್ಟು ದಿನ ಕೂರಲಿ? ಸತ್ತವನಿಗೆ ಮಾತಾಡಲು ಬಾಯಿಲ್ಲ.

ಡಿಸೆಂಬರ್ 8. ಮಾಸಿಕ ಶ್ರಾದ್ಧ

ಅಮ್ಮ ಅಡುಗೆಮನೆಗೆ ಬರಲಿಲ್ಲ. “ಮಾತು ಕೇಳದ ಮಗನಿಗೆ ನಾನು ಯಾಕೆ ಬೇಯಿಸಿ ಹಾಕ್ಲಿ?” ಅಪ್ಪ ದೇವಸ್ಥಾನದ ಕೈಂಕರ್ಯದಲ್ಲಿ ಒಂದು ದಿನವೂ ಮಂತ್ರ ತಪ್ಪಿದವರಲ್ಲ. ಇವತ್ತು ತಡವರಿಸಿದರು.

ಮಧ್ಯಾಹ್ನ ಅಮ್ಮ ನನ್ನ ಪಕ್ಕ ಬಂದು ಕೂತಳು. ದನಿಯೇ ಬೇರೆ.

“ಆಶ್ರಿತಾ, ಅವತ್ತು ನಾನು ಹೇಳಿದ್ದನ್ನ ಹೇಳಿದ್ಯಲ್ಲ. ಅವನು ಏನಂದ?”

ಏನು ಹೇಳಲಿ? ಒಪ್ಪಲಿಲ್ಲ ಎಂದರೆ ಅವನಿಗೆ ದ್ರೋಹ. ಒಪ್ಪಿದ ಎಂದರೆ, ತನ್ನ ಮಾತಿಗಾಗಿಯೇ ಅವಸರಪಟ್ಟ ಎಂದು ತಿಳಿದು ಇವಳು ಉಳಿಯುವುದಿಲ್ಲ.

“ನಾನು ಫೋನೇ ಮಾಡಲಿಲ್ಲ ಅಮ್ಮ. ಬಸ್ ರಶ್ ಇತ್ತು. ಮರೆತುಬಿಟ್ಟೆ.”

ನನ್ನ ಕಡೆಗೆ ತಿರುಗಿದಳು.

“ಹಾಗಾದ್ರೆ ಅವನಿಗೆ ಗೊತ್ತೇ ಇರಲಿಲ್ವಾ?”

“ಇರಲಿಲ್ಲ.”

“ಅಯ್ಯೋ ನನ್ನ ಕಂದ… ಸುಮ್ಸುಮ್ನೆ ಬೈದ್ನಲ್ಲೋ.” ಆಗ ಅತ್ತಳು, ಮೊದಲ ಸಲ. ಭುಜ ಹಿಡಿಯಲು ಹೋದೆ. ನನ್ನ ಕೈ ತಳ್ಳಿದಳು.

ಡಿಸೆಂಬರ್ 15

ತಟ್ಟೆ ಇಡುತ್ತಾಳೆ, ಮುಖ ನೋಡುವುದಿಲ್ಲ. ಇವತ್ತು ರಂಗಮ್ಮನಿಗೆ ಹೇಳುತ್ತಿದ್ದಳು — “ನನ್ನ ಮಗ ಬಂಗಾರ ಕಣೇ. ಇವಳು ಒಂದು ಮಾತು ಹೇಳಿದ್ದಿದ್ರೆ ಕೇಳೇ ಕೇಳ್ತಿದ್ದ.”

ಅವನು ಕೇಳಿದ, ಅಮ್ಮ. ಕೇಳಿಯೇ…